ಮೂಲೆಯ ನಕ್ಷತ್ರಗಳು

"ರಾತ್ರಿ ಆಕಾಶದ ಚಿತ್ರ ತೆಗೆಯೋಕೆ ಯಾವ ಕ್ಯಾಮೆರಾ ತಗೊಳ್ಳಲಿ, ಗುರುಗಳೇ?" ಎಂದು ಕೊಟ್ರೇಶ ಕೇಳಿದ.

ಅವನು ಇದನ್ನು ಕೇಳುತ್ತಿರುವುದು ಮೊದಲ ಸಲವೇನಲ್ಲ. ಗುರುಗಳ ಬಳಿ ಚಿತ್ರ ತೆಗೆಯುವ ವಿದ್ಯೆ ಕಲಿಯಲು ಬಂದು ಎರಡು ವರ್ಷವಾಗಿತ್ತು. ಬಂದ ದಿನ ಅವನ ಹೆಗಲ ಮೇಲೆ ಒಂದು ಕ್ಯಾಮೆರಾ ಇತ್ತು, ಕೈಯಲ್ಲಿ ನೋಟ್‌ಬುಕ್ ಇರಲಿಲ್ಲ. ಈಗ ನೋಟ್‌ಬುಕ್ ತುಂಬಿತ್ತು. ಮೂರು ಕ್ಯಾಮೆರಾ, ಐದು ಲೆನ್ಸ್, ಎರಡು ಬಗೆಯ ಟ್ರೈಪಾಡ್, ಒಂದೊಂದರ ಗುಣ ಮತ್ತು ದೋಷ, ಎಲ್ಲವನ್ನೂ ಗೆರೆ ಎಳೆದು ಬರೆದಿಟ್ಟಿದ್ದ. ಹೆಗಲಿಗಿದ್ದ ಆ ಒಂದು ಕ್ಯಾಮೆರಾ ಮನೆಯ ಬೀರುವಿನಲ್ಲಿತ್ತು.

"ಇರೋದ್ರಲ್ಲಿ ತೆಗೆದು ನೋಡಲಿಲ್ವೇನೋ?" ಎಂದರು ಗುರುಗಳು.

"ಅದ್ರಲ್ಲಿ ತೆಗೆದ್ರೆ ಕತ್ತಲೆಲ್ಲ ರವೆ ಚೆಲ್ಲಿದ ಹಾಗೆ ಬರುತ್ತೆ. ಮನೇಲಿ ಅಜ್ಜಿ ಒಬ್ಬರು, ಚುಕ್ಕಿ ಪಟ ಎಲ್ಲೋ ಅಂತ ಕೇಳ್ತಾನೇ ಇರ್ತಾರೆ. ಒಳ್ಳೇ ಸಾಮಾನು ಬರ್ಲಿ ಅಂತ ನಾನೇ ತಡೆದಿದ್ದೀನಿ."

ಗುರುಗಳು ನೋಟ್‌ಬುಕ್ಕನ್ನು ತಿರುವಿ ನೋಡಿದರು. ಅಕ್ಷರ ಚೆನ್ನಾಗಿದೆ ಎಂದರು. ಆಮೇಲೆ ಅದನ್ನು ಮುಚ್ಚಿ ತೊಡೆಯ ಮೇಲಿಟ್ಟುಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಡಿಯಾರ ರಿಪೇರಿಯವನಿದ್ದ. ಬಲಗಣ್ಣಿಗೆ ಪುಟ್ಟ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತರೆ ಎದುರಿಗೆ ಗಿರಾಕಿ ಬಂದು ನಿಂತದ್ದೂ ಅವನಿಗೆ ತಿಳಿಯುತ್ತಿರಲಿಲ್ಲ. ಹಲ್ಲುಚಕ್ರದ ಮೇಲಿನ ಧೂಳು ತಿಳಿಯುತ್ತಿತ್ತು. ಅವನದೊಂದು ಕಟ್ಟುನಿಟ್ಟು ಇತ್ತು. ಬಿಚ್ಚಿಟ್ಟ ಗಡಿಯಾರವನ್ನು ಅದರ ಒಡೆಯನಿಗೆ ತೋರಿಸುತ್ತಿರಲಿಲ್ಲ. ಯಾರಾದರೂ ಬಂದರೆ ಅದರ ಮೇಲೆ ಲೋಟ ಬೋರಲು ಹಾಕಿ, ಪೂರ್ತಿ ಸರಿಯಾದ ಮೇಲೆ ಬನ್ನಿ ಎನ್ನುತ್ತಿದ್ದ. ಆ ಲೋಟದಿಂದಾಗಿಯೇ ಊರಿನವರು ಅವನನ್ನು ನಂಬಿದ್ದರು.

ಅವನ ಹೆಂಡತಿ ಕುರಿ ಕಾಯುವವರ ಮಗಳು. ಹತ್ತು ವರ್ಷದವಳಾಗುವ ತನಕ ಮಂದೆಯ ಜೊತೆ ಬಯಲಿನಲ್ಲೇ ಮಲಗಿದ್ದವಳು. ತಲೆಯ ಮೇಲೆ ಹಾಲು ಚೆಲ್ಲಿದಂತೆ ಹಾಯುವ ಆಕಾಶಗಂಗೆಯನ್ನು ಅವಳ ಅಪ್ಪ ಮಂದೆ ಹೋದ ದಾರಿ ಎಂದು ಕರೆಯುತ್ತಿದ್ದ. ಮದುವೆಯಾಗಿ ಪೇಟೆಗೆ ಬಂದ ಮೇಲೆ ಆ ದಾರಿ ಅವಳಿಗೆ ಕಾಣಲಿಲ್ಲ. ಬೀದಿದೀಪಗಳ ಕಾಟ ಎಂದುಕೊಂಡು ಸುಮ್ಮನಿದ್ದಳು.

ಮುಸ್ಸಂಜೆಯಲ್ಲಿ ಅವಳು ಹೊಸ್ತಿಲು ಎಡವತೊಡಗಿದಳು. ಮೂರನೇ ಸಲ ಬಿದ್ದು ಹಣೆ ಒಡೆದುಕೊಂಡಾಗ ಗಂಡ ಅವಳನ್ನು ಕಣ್ಣಿನ ವೈದ್ಯರ ಬಳಿ ಕರೆದೊಯ್ದ. ವೈದ್ಯರು ಬಹಳ ಹೊತ್ತು ಪರೀಕ್ಷಿಸಿದರು. ಮೊದಲು ರಾತ್ರಿ ಹೋಗುತ್ತದೆ, ಆಮೇಲೆ ಅಂಚು ಹೋಗುತ್ತದೆ ಎಂದರು. ಮುಷ್ಟಿಯನ್ನು ಕೊಳವೆಯಂತೆ ಮಾಡಿ ತಮ್ಮ ಕಣ್ಣಿಗಿಟ್ಟು, ಈಗ ಇವರಿಗೆ ಹೀಗೆ ಕಾಣುತ್ತಿದೆ ಎಂದು ತೋರಿಸಿದರು. ನಡುವಿನದು ಕೊನೆಯವರೆಗೆ ಉಳಿದಿರುತ್ತದೆ. ಒಂದು ದಿನ ಅದೂ ಹೋಗುತ್ತದೆ. ಯಾವಾಗ ಎನ್ನುವುದನ್ನು ಹೇಳಲಾರೆ, ಇದಕ್ಕೆ ಔಷಧವಿಲ್ಲ ಎಂದರು.

ಗಡಿಯಾರದವನು ವೈದ್ಯರು ಬರೆದುಕೊಟ್ಟ ಚೀಟಿಯನ್ನು ನಾಲ್ಕಾಗಿ ಮಡಿಚಿ ಜೇಬಿಗಿಟ್ಟುಕೊಂಡ. ಮನೆಗೆ ಬಂದು ಅದನ್ನು ಮೇಜಿನ ಖಾನೆಯೊಳಗೆ ಹಾಕಿದ. ಮತ್ತೆ ತೆಗೆದು ಓದಲಿಲ್ಲ.

ಹೆಂಡತಿ ಅಳಲಿಲ್ಲ. ಎರಡು ದಿನ ಕಳೆದು ಒಂದು ಮಾತು ಕೇಳಿದಳು.

"ರಾತ್ರಿ ಅಂತೂ ನನ್ನ ಪಾಲಿಗೆ ಹೋಯ್ತು. ಹಗಲು ಇನ್ನೂ ಐತಲ್ಲ, ನೀವು ಆ ಚುಕ್ಕಿ ಹಾದೀದು ಒಂದು ಪಟ ತೆಗೆದು ತಂದುಕೊಡ್ರಿ. ಬಿಸಿಲಾಗೆ ಕೂತು ನೋಡ್ತೀನಿ."

ಅವನಿಗೆ ಜೀವ ಬಂದಂತಾಯಿತು. ರೋಗದ ಎದುರು ಕೈಕಟ್ಟಿ ಕೂತಿದ್ದವನಿಗೆ ಕೈಯಿಂದ ಮಾಡುವಂಥ ಕೆಲಸವೊಂದು ಸಿಕ್ಕಿತ್ತು. ಯಾರೋ ಬಳಸಿ ಬಿಟ್ಟ ಕ್ಯಾಮೆರಾ, ಅದರ ಜೊತೆಗೇ ಬಂದ ಸಾಧಾರಣ ಲೆನ್ಸ್, ಒಂದು ಟ್ರೈಪಾಡ್, ಇಷ್ಟನ್ನು ಹೊಂದಿಸಿಕೊಂಡ. ಅಂಥ ಚಿತ್ರಕ್ಕೆ ಚಂದ್ರನಿರಬಾರದು, ಮೋಡವಿರಬಾರದು, ಆಕಾಶಗಂಗೆಯ ದಟ್ಟವಾದ ಭಾಗ ಮೇಲೆ ಬಂದಿರಬೇಕು. ಆ ಸೀಮೆಯಲ್ಲಿ ಮಾಘದಿಂದ ವೈಶಾಖದವರೆಗೆ ವರ್ಷಕ್ಕೆ ನಾಲ್ಕೇ ಅಮಾವಾಸ್ಯೆ. ಮಾಘದ ಅಮಾವಾಸ್ಯೆಗೆ ಅವನು ಹೆಂಡತಿಯ ತವರಿನ ಬಯಲಿಗೆ ಒಬ್ಬನೇ ಹೋಗಿ, ಚಳಿಯಲ್ಲಿ ಕಾದು, ಬೆಳಗಾಗುವ ಮುನ್ನ ಒಂದು ಪಟ ತೆಗೆದ. ಮಾರನೆಯ ದಿನ ಸ್ಟುಡಿಯೋದಲ್ಲಿ ಅದನ್ನು ಕಾಗದಕ್ಕೆ ಇಳಿಸಿಕೊಂಡು ಬಂದ.

ಪಟದಲ್ಲಿ ಹಾದಿ ಬಂದಿತ್ತು. ನಡುವೆ ನಕ್ಷತ್ರಗಳು ಹಿಟ್ಟು ಉದುರಿಸಿದಷ್ಟು ದಟ್ಟವಾಗಿದ್ದವು. ಅವನು ಭೂತಗನ್ನಡಿ ಸಿಕ್ಕಿಸಿಕೊಂಡ. ಸಿಕ್ಕಿಸಿಕೊಳ್ಳದೆ ಇರುವುದು ಅವನಿಗೆ ಗೊತ್ತಿರಲಿಲ್ಲ, ಪಾಪ. ನಾಲ್ಕೂ ಮೂಲೆಗಳಲ್ಲಿ ನಕ್ಷತ್ರಗಳಿಗೆ ಸಣ್ಣ ರೆಕ್ಕೆಗಳು ಮೂಡಿದ್ದವು. ಚುಕ್ಕಿಯಾಗಿರಬೇಕಾದದ್ದು ಮಳೆಹುಳುವಿನಂತೆ ಕಾಣುತ್ತಿತ್ತು. ಅದು ಲೆನ್ಸಿನ ದೋಷ.

ಒಳಗಿನಿಂದ ಹೆಂಡತಿ ಗೋಡೆ ಹಿಡಿದುಕೊಂಡು ಬಂದಳು. ಅವನು ಪಟವನ್ನು ಬೋರಲು ಹಾಕಿದ.

"ಇನ್ನೂ ಸರಿಯಾಗಿಲ್ಲ ಕಣೇ. ಮುಂದಿನ ಅಮಾಸಿಗೆ ಆಗ್ತದೆ."

"ಬಂದಷ್ಟು ತೋರಿಸ್ರಿ" ಎಂದಳು ಅವಳು.

ಅವನು ತೋರಿಸಲಿಲ್ಲ. ಪಟ ಖಾನೆಯೊಳಗೆ, ವೈದ್ಯರ ಚೀಟಿಯ ಮೇಲೆ ಹೋಗಿ ಕೂತಿತು.

ಆಮೇಲೆ ಶುರುವಾಯಿತು. ಇಂಥ ಹುಚ್ಚು ಹತ್ತಿದವನಿಗೆ ಸಲಹೆ ಕೊಡುವವರಿಗೇನು ಬರವೇ? ಲೆನ್ಸ್ ಬದಲಿಸು ಎಂದರು, ಬದಲಿಸಿದ. ರೆಕ್ಕೆಗಳು ಕುಗ್ಗಿದವು, ಆದರೆ ಬಲಗಡೆಯ ಕೆಳಮೂಲೆ ಮಂಜಾಗಿತ್ತು. ಕ್ಯಾಮೆರಾ ದೊಡ್ಡದಿರಬೇಕು ಎಂದರು, ಅದನ್ನೂ ತಂದ. ಅಷ್ಟರಲ್ಲಿ ಚೈತ್ರ ಕಳೆದಿತ್ತು. ವೈಶಾಖದ ಅಮಾವಾಸ್ಯೆಗೆ ಮೋಡ ಕವಿಯಿತು. ಮಳೆಗಾಲವಿಡೀ ಅವನು ಲೆನ್ಸುಗಳ ಬಗ್ಗೆ ಓದಿದ. ಯಾವುದರಲ್ಲಿ ಮೂಲೆ ಶುದ್ಧ, ಯಾವುದರಲ್ಲಿ ಅಲ್ಲ ಎಂದು ಬಾಯಿಪಾಠವಾಗುವಷ್ಟು ಓದಿದ.

ಮನೆಯಲ್ಲಿ ಹೆಂಡತಿ ಊಟಕ್ಕೆ ಕೂತರೆ ನಡುವಿನ ಅನ್ನವನ್ನಷ್ಟೇ ಉಣ್ಣುತ್ತಿದ್ದಳು. ತಟ್ಟೆಯ ಅಂಚಿಗೆ ಬಡಿಸಿದ ಪಲ್ಯ ಹಾಗೇ ಉಳಿಯುತ್ತಿತ್ತು. ಅವನು ಅದನ್ನು ಗಮನಿಸಿದ. ಅವನೇನು ಕಲ್ಲೆದೆಯವನಲ್ಲ, ಹೆಂಡತಿಯನ್ನು ಪ್ರೀತಿಸುತ್ತಿದ್ದ. ಪಲ್ಯವನ್ನೂ ಉಪ್ಪಿನಕಾಯಿಯನ್ನೂ ತಾನೇ ತಟ್ಟೆಯ ನಡುವಿಗೆ ಸರಿಸತೊಡಗಿದ. ಸರಿಸಿ, ಕೈ ತೊಳೆದು, ಮತ್ತೆ ಮೂಲೆ ಶುದ್ಧವಿರುವ ಲೆನ್ಸ್ ಹುಡುಕಲು ಹೋಗುತ್ತಿದ್ದ.

ಮರುವರ್ಷ ಮಾಘದಲ್ಲಿ ಲೆನ್ಸಿನ ಮೇಲೆ ಇಬ್ಬನಿ ಕೂತಿತು. ಅದನ್ನು ತಡೆಯಲು ಲೆನ್ಸಿಗೆ ಸುತ್ತಿ ಬೆಚ್ಚಗಿಡುವ ಪಟ್ಟಿಯೊಂದನ್ನು ತಂದ. ಫಾಲ್ಗುಣದಲ್ಲಿ ನಕ್ಷತ್ರಗಳ ಜೊತೆಗೇ ಕ್ಯಾಮೆರಾವನ್ನು ತಿರುಗಿಸುವ ಯಂತ್ರವೊಂದನ್ನು ತಂದ. ಅದರೊಳಗೂ ಹಲ್ಲುಚಕ್ರಗಳಿದ್ದವು. ಒಂದು ಚಕ್ರ ತುಸು ತೊನೆಯುತ್ತದೆ ಎಂದು ಅವನಿಗನ್ನಿಸಿತು. ಬಿಚ್ಚಿ ಸರಿಪಡಿಸುವುದರಲ್ಲಿ ಆ ಅಮಾವಾಸ್ಯೆಯೂ ಹೋಯಿತು. ಮಾರನೆಯ ದಿನ ಯುಗಾದಿ. ಹೆಂಡತಿ ಎಂದಿನಂತೆ ಅವನ ಕೈಯಿಂದ ಬೇವುಬೆಲ್ಲ ತಿಂದಳು.

ಚೈತ್ರದ ಅಮಾವಾಸ್ಯೆಗೆ ಪಟ ಬಂತು. ಭೂತಗನ್ನಡಿ ಇಟ್ಟು ನಾಲ್ಕೂ ಮೂಲೆಗಳನ್ನು ನೋಡಿದ. ಒಂದೊಂದು ನಕ್ಷತ್ರವೂ ಸೂಜಿಯ ಮೊನೆಯಷ್ಟು ಚೊಕ್ಕವಾಗಿತ್ತು. ಆ ಬೆಳಿಗ್ಗೆ ಅವನು ಒಬ್ಬನೇ ಕೂತು ಸಂತೋಷಕ್ಕೆ ಅತ್ತ. ದೊಡ್ಡ ನಗರಕ್ಕೆ ಕಳಿಸಿ ಬಾಗಿಲಿನಷ್ಟು ಅಗಲದ ಕಾಗದದ ಮೇಲೆ ಮಾಡಿಸಿದ. ಆಕಾಶದ ಕಪ್ಪು ಸಾಲದೆಂದು ಒಮ್ಮೆ ಹಿಂದಕ್ಕೂ ಕಳಿಸಿದ.

ಪಟ ರಟ್ಟಿನ ಕೊಳವೆಯೊಳಗೆ ಸುತ್ತಿಕೊಂಡು ಬಂತು. ಅವನು ಅಂಗಳದ ಬಿಸಿಲಿನಲ್ಲಿ ಚಾಪೆ ಹಾಸಿ, ಅದರ ಮೇಲೆ ಪಟ ಬಿಡಿಸಿ, ಹೆಂಡತಿಯನ್ನು ಕರೆತಂದು ಕೂರಿಸಿದ. ಈ ಸಲ ಯಾವುದನ್ನೂ ಮುಚ್ಚಲಿಲ್ಲ.

ಅವಳು ಬಗ್ಗಿದಳು. ಮುಖವನ್ನು ಅತ್ತಿತ್ತ ತಿರುಗಿಸಲಿಲ್ಲ. ಅಂಗೈ ಚಾಚಿ ಕಾಗದವನ್ನು ಸವರಿದಳು.

"ನುಣ್ಣಗೈತೆ" ಎಂದಳು. "ಹಾದಿ ಎಲ್ಲಿಂದ ಎಲ್ಲಿಗೆ ಹೋಗ್ತತಿ?"

ಅವನು ಅವಳ ಪಕ್ಕ ಕೂತ. ಯಾವಾಗಿನಿಂದ ಎಂದು ಕೇಳಿದ.

"ಯುಗಾದಿ ದಿನ ಬೇವುಬೆಲ್ಲ ಕೊಟ್ರಲ್ಲ, ಅವತ್ತು ನಿಮ್ಮ ಮುಖ ಕಾಣ್ಲಿಲ್ಲ. ನೀವು ಅಷ್ಟು ಕಷ್ಟಪಡ್ತಿದ್ರಿ, ಹೇಳೋಕೆ ಬಾಯಿ ಬರ್ಲಿಲ್ಲ."

ಅವನು ಅವಳ ತೋರುಬೆರಳನ್ನು ಹಿಡಿದು ಕಾಗದದ ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಎಳೆದುಕೊಂಡು ಹೋದ. ಕೈಗವುಸು ಹಾಕದೆ ಅವನೆಂದೂ ಮುಟ್ಟದಿದ್ದ ಆ ಕಪ್ಪಿನ ಮೇಲೆ ಬೆರಳಿನ ಗೆರೆ ಉಳಿಯಿತು. ಇನ್ನೊಂದು ಸಲ ಎಂದಳು ಅವಳು. ಅವನು ಇನ್ನೊಂದು ಸಲ ಎಳೆದ.

ಅವಳು ಒಳಗೆ ಹೋದ ಮೇಲೆ ಅವನು ಖಾನೆ ತೆರೆದು ಮೊದಲ ಪಟವನ್ನು ತೆಗೆದ. ಅದನ್ನು ಗೋಡೆಗೆ ಆನಿಸಿಟ್ಟು ದೂರ ನಿಂತ. ಖಾಲಿ ಕೊಳವೆ ಕೈಯಲ್ಲೇ ಇತ್ತು. ವೈದ್ಯರು ಮುಷ್ಟಿ ಹಿಡಿದು ತೋರಿಸಿದ್ದು ಒಂದೂಕಾಲು ವರ್ಷದ ಮೇಲೆ ನೆನಪಾಗಿ, ಅವನು ಆ ಕೊಳವೆಯನ್ನು ಕಣ್ಣಿಗಿಟ್ಟು ನೋಡಿದ. ನಡುವಿನ ಹಾದಿ ಇಡಿಯಾಗಿ ಕಂಡಿತು. ಅಲ್ಲಿ ಒಂದು ಚುಕ್ಕಿಗೂ ಕುಂದಿರಲಿಲ್ಲ. ರೆಕ್ಕೆ ಮೂಡಿದ ನಕ್ಷತ್ರಗಳು ಕೊಳವೆಯ ಆಚೆಗೆ ಉಳಿದಿದ್ದವು. ತೋರಿಸು ಎಂದು ಅವಳು ಕೇಳಿದ ದಿನ ಅವಳ ಕಣ್ಣಿಗೆ ಮೂಲೆಗಳೇ ಇರಲಿಲ್ಲ. ಇಲ್ಲದ ಮೂಲೆಗಳನ್ನು ಸರಿಪಡಿಸುತ್ತ ಅವನು ಇದ್ದ ನಡುವನ್ನು ಕಳೆದಿದ್ದ.

ಆಮೇಲೆ ಅವನು ಗಡಿಯಾರ ರಿಪೇರಿ ಮಾಡಿಕೊಂಡೇ ಬದುಕಿದ. ಬಿಚ್ಚಿಟ್ಟ ಗಡಿಯಾರದ ಮೇಲೆ ಲೋಟ ಹಾಕುವುದನ್ನು ಮಾತ್ರ ಬಿಟ್ಟನಂತೆ.

ಗುರುಗಳು ಕತೆ ನಿಲ್ಲಿಸಿದರು. ಕೊಟ್ರೇಶ ನೆಲ ನೋಡುತ್ತ ಕೂತಿದ್ದ. ಕತೆ ಅವನನ್ನು ತಟ್ಟಿತ್ತು. ಆದರೂ ಅಭ್ಯಾಸ ಬಿಡಬೇಕಲ್ಲ, ಮೆಲ್ಲಗೆ ಕೇಳಿದ.

"ಆ ಮೊದಲನೇ ಪಟ ಯಾವ ಕ್ಯಾಮೆರಾದಲ್ಲಿ ತೆಗೆದಿದ್ದು, ಗುರುಗಳೇ?"

ಗುರುಗಳು ತೊಡೆಯ ಮೇಲಿದ್ದ ನೋಟ್‌ಬುಕ್ಕನ್ನು ಅವನ ಕೈಗೆ ಹಿಂದಿರುಗಿಸಿದರು.

"ನಿಮ್ಮ ಅಜ್ಜಿಗೆ ಈಗ ಎಷ್ಟು ವಯಸ್ಸೋ, ಕೊಟ್ರೇಶ?"