ಕೊಂಡಿ ಕಳೆದುಕೊಂಡವಳು

ಹುಣಸೆಮರದ ಪೊಟರೆಯಲ್ಲಿ ಜೇನುಗಳದೊಂದು ಗೂಡಿತ್ತು. ಒಂದು ಬೆಳಿಗ್ಗೆ ಕರಡಿಯೊಂದು ಬಂದು ಪೊಟರೆಗೆ ಮೂತಿ ಹಾಕಿತು. "ಎಲ್ಲರೂ ಒಟ್ಟಾಗಿ ನುಗ್ಗೋಣ!" ಎಂದು ಜೇನುಗಳೆಲ್ಲ ಕೂಗಿದವು; ಒಂದೂ ಕದಲಲಿಲ್ಲ. ಕೊನೆಗೆ ಒಬ್ಬ ಕೆಲಸದ ಜೇನು ಹಾರಿಹೋಗಿ ಕರಡಿಯ ಮೂಗಿಗೇ ಕುಟುಕಿದಳು. ಕರಡಿ ಅರಚುತ್ತ ಓಡಿಹೋಯಿತು. ಅವಳ ಕೊಂಡಿ, ಕೊಂಡಿಯ ಜೊತೆಗೆ ಕರುಳು, ಎರಡೂ ಅದರ ಮೂಗಿನಲ್ಲೇ ಉಳಿದವು.

ಅವಳು ಹರಿದ ರೆಕ್ಕೆ ಎಳೆದುಕೊಂಡು ತೆವಳುತ್ತ ಗೂಡಿನ ಬಾಗಿಲಿಗೆ ಬಂದಾಗ ಒಳಗೆ "ಓಡಿಸಿದೆವು, ಓಡಿಸಿದೆವು!" ಎಂಬ ಹಾಡು ಎದ್ದಿತ್ತು. ತಾನೇ ಓಡಿಸಿದೆನೆಂಬ ಹೆಮ್ಮೆ ಅವಳಿಗಿರಲಿಲ್ಲ. ಬಾಯಾರಿಕೆಯಾಗಿತ್ತು, ಅಷ್ಟೆ.

"ಅಕ್ಕಾ, ಒಳಗೆ ಬಿಡು. ಒಂದು ತೊಟ್ಟು ಜೇನುತುಪ್ಪ ಕೊಡು. ನಾನು ಸಾಯುತ್ತಿದ್ದೇನೆ," ಎಂದಳು ಬಾಗಿಲ ಕಾವಲಿನವಳಿಗೆ.

"ನಾನು? ಈ ಗೂಡಿನಲ್ಲಿ ಆ ಮಾತು ಆಡುವಂತಿಲ್ಲ. ಇಲ್ಲಿರುವುದು ನಾವು ಮಾತ್ರ."

"ಆಗಲಿ. ನಾವು ಸಾಯುತ್ತಿದ್ದೇವೆ ಅಕ್ಕಾ, ದಾರಿ ಬಿಡು."

ಕಾವಲಿನವಳು ಅವಳನ್ನು ಮೇಲಿಂದ ಕೆಳಗೆ ನೋಡಿದಳು. "ಕರಡಿಯನ್ನು ಓಡಿಸಿದವರು ನಾವು. ಸಾಯುತ್ತಿರುವವಳು ನೀನು. ಹೆಣ ಬಿದ್ದರೆ ಗೂಡು ಮೈಲಿಗೆ," ಎಂದು ಕಾಲಿನಿಂದ ಆಚೆಗೆ ನೂಕಿದಳು.

ಅವಳು ಮರದ ಬುಡದ ತರಗೆಲೆಗಳ ಮೇಲೆ ಬಿದ್ದಳು. ಮೇಲಿನಿಂದ ಹಾಡು ಸ್ಪಷ್ಟವಾಗಿ ಕೇಳಿಸುತ್ತಿತ್ತು. ಹುಟ್ಟಿದಾಗಿನಿಂದ ಬಂದ ಅಭ್ಯಾಸ. ಅವಳ ಹರಿದ ರೆಕ್ಕೆ ತಾನಾಗಿಯೇ ಅದಕ್ಕೆ ಶ್ರುತಿ ಹಿಡಿಯಿತು. ಇರುವೆಗಳು ಬಂದು ಕಾಲು ಹಿಡಿದು ಎಳೆಯತೊಡಗಿದಾಗಲೂ ಅದು ನಿಂತಿರಲಿಲ್ಲ.