ಹನ್ನೆರಡು ಹೆಜ್ಜೆಯಾಚೆಯ ಮಗು

ಹೊಳೆದಂಡೆಯ ಆ ಆಶ್ರಮದಲ್ಲಿ ಒಂದು ಕಟ್ಟುಪಾಡಿತ್ತು. ಪಾಠಕ್ಕೆ ಹೊಸದಾಗಿ ಬಂದ ಮಗುವನ್ನು ಒಬ್ಬ ಶಿಷ್ಯ ಒಂದು ತಿಂಗಳು ಗಮನಿಸಬೇಕು, ಕಂಡದ್ದನ್ನು ಬರೆಯಬೇಕು. ಮಗು ಅಲ್ಲಿ ಉಳಿಯುವುದೋ ಮನೆಗೆ ಹೋಗುವುದೋ ಆ ಬರಹದ ಮೇಲೆ ತೀರ್ಮಾನವಾಗುತ್ತಿತ್ತು.

ಮರುಳಸಿದ್ಧನ ಪಾಲಿಗೆ ಆ ಸಲ ಬಂದವಳು ಚಿಕ್ಕತಾಯಿ. ಐದು ವರ್ಷದ ಹುಡುಗಿ, ದಿನವೂ ಮಧ್ಯಾಹ್ನದ ಪಾಠಕ್ಕೆ ಮನೆಯಿಂದ ಬಂದು ಹೋಗುತ್ತಿದ್ದಳು.

ತಿಂಗಳು ತುಂಬಿದ ಬೆಳಿಗ್ಗೆ ಅವನು ನೋಟುಬುಕ್ಕು ಹಿಡಿದು ಬಂದ. ಗುರುಗಳು ಜಗಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು.

"ಚಿಕ್ಕತಾಯಿಯನ್ನು ಮನೆಗೆ ಕಳಿಸಿಬಿಡುವುದು ಒಳ್ಳೆಯದು, ಗುರುಗಳೇ."

"ಯಾಕೆ?"

ಅವನು ಓದಿದ. "ಕರೆದರೆ ಓಗೊಡುವುದಿಲ್ಲ. ಸ್ಲೇಟು ನೋಡುವುದಿಲ್ಲ, ನನ್ನ ಮುಖವನ್ನೇ ನೋಡುತ್ತಾಳೆ. ನಾನು ಒಂದು ಹೆಜ್ಜೆ ಹತ್ತಿರ ಹೋದರೆ ಒಂದು ಹೆಜ್ಜೆ ಹಿಂದೆ ಸರಿಯುತ್ತಾಳೆ. ಮೊನ್ನೆ ಹಾಗೇ ಸರಿಯುತ್ತಾ ಸರಿಯುತ್ತಾ ಹೊಸಿಲು ದಾಟಿ ಬಾವಿಕಟ್ಟೆಯವರೆಗೂ ಹೋದಳು. ಮಗುವಿಗೆ ಬುದ್ಧಿ ಸಾಲದು, ಇಲ್ಲವೇ ಹಟ ಜಾಸ್ತಿ."

"ಎರಡರಲ್ಲಿ ಯಾವುದು?"

"ಅದು ಇನ್ನೂ ಖಚಿತವಾಗಿಲ್ಲ."

"ಕಳಿಸುವುದು ಮಾತ್ರ ಖಚಿತವಾಗಿದೆ."

ಮರುಳಸಿದ್ಧ ನೋಟುಬುಕ್ಕು ಮುಚ್ಚಿದ. ಗುರುಗಳು ಮತ್ತೆ ಕೇಳಿದರು.

"ಅವಳ ಮನೆ ಎಲ್ಲಿ?"

"ಹೊಳೆಯಾಚೆ. ತೆಂಗಿನ ನಾರಿನ ಹಗ್ಗ ಹೊಸೆಯುವವರ ಕೇರಿ. ನಾನು ಹೋಗಿಲ್ಲ."

"ಯಾಕೆ?"

"ಗಮನಿಸಬೇಕಾದದ್ದು ಪಾಠದ ಹೊತ್ತಿನಲ್ಲಿ ಅಲ್ಲವೇ, ಗುರುಗಳೇ?"

ಗುರುಗಳು ಇನ್ನೊಂದು ಕಾಯಿ ಬಿಡಿಸಿ ಕಾಳನ್ನು ಬುಟ್ಟಿಗೆ ಹಾಕಿದರು. "ಅವಳು ಹುಟ್ಟಿದ್ದೂ ನಮ್ಮ ಪಾಠದ ಹೊತ್ತಿನಲ್ಲೇ ಇರಬೇಕು. ನನಗೆ ಗೊತ್ತಿರಲಿಲ್ಲ."

ಮರುಳಸಿದ್ಧ ಎದ್ದು ತೆಪ್ಪದ ಕಡೆ ನಡೆದ.

ಹಗ್ಗದವರ ಕೇರಿ ಎಂದರೆ ಉದ್ದನೆಯ ಒಂದು ಬಯಲು, ಎರಡು ಬದಿಗೂ ಮನೆಗಳು. ಚಿಕ್ಕತಾಯಿಯ ಅವ್ವ ನಿಂಗಾಜಮ್ಮ ಮನೆಯ ಮುಂದೆ ಹುರಿ ಹೊಸೆಯುವ ರಾಟೆ ತಿರುಗಿಸುತ್ತಿದ್ದಳು.

"ಸ್ವಾಮಿ, ವಸಿ ಅತ್ಲಾಗ್ ನಿಂತ್ಕಳಿ. ಹಗ್ಗದ ದಾರಿಗೇ ಅಡ್ಡ ಬಂದ್ರಿ."

ಅವನು ಸರಿದು ನಿಂತ.

"ನಮ್ ಮಗಿ ಏನಾರ ತರ್ಲೆ ಮಾಡ್ಬುಡ್ತಾ?"

"ತರಲೆ ಮಾಡಿದ್ದರೆ ನಾನು ಬರುತ್ತಿರಲಿಲ್ಲ, ತಾಯಿ. ಬಾಯೇ ಬಿಡುವುದಿಲ್ಲ."

ನಿಂಗಾಜಮ್ಮ ನಕ್ಕಳು. "ಇವ್ಳಾ? ನಿದ್ದೆಗಣ್ಣಲ್ಲೂ ಮಾತಾಡ್ತಳೆ. ಅವ್ರಪ್ಪ ಅದ್ಕೇ ಆಚೆ ಮಲಿಕೊಳ್ಳದು."

ಬಯಲಿನ ಆ ತುದಿಯಲ್ಲಿ ಚಿಕ್ಕತಾಯಿ ನಿಂತಿದ್ದಳು. ಹುರಿಯ ಕೊನೆಗೆ ಕಟ್ಟಿದ ಕೋಲನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದಿದ್ದಳು. ಕಣ್ಣು ಅವ್ವನ ಮುಖ ಬಿಟ್ಟು ಕದಲುತ್ತಿರಲಿಲ್ಲ.

"ಯಾಕೆ ಹಾಗೆ ನೋಡುತ್ತಾಳೆ?"

"ರಾಟೆ ಸದ್ದಲ್ಲಿ ಕೂಗುದ್ರೆ ಕೇಳ್ತದಾ ಸ್ವಾಮಿ? ಮೊಕ ನೋಡೇ ತಿಳ್ಕಬೇಕು. ಅವ್ಳು ಕಣ್ಣು ಕೆಳಗಾಕುದ್ರೆ ನನ್ ಹುರಿ ಕೆಟ್ಟೋಯ್ತದೆ."

ರಾಟೆ ನಿಂತಿತು. ನಿಂಗಾಜಮ್ಮ ಹುರಿಯ ತುದಿ ಬಿಚ್ಚಿ ಅವನ ಕೈಗೆ ಕೊಟ್ಟಳು. "ಒಂದ್ ಗಳಿಗೆ ಹಿಡ್ಕಂಡಿರಿ, ನಾರು ತತ್ತೀನಿ."

ಅವಳು ಒಳಗೆ ಹೋದಳು. ಹುರಿಯ ಈ ತುದಿಯಲ್ಲಿ ಶಿಷ್ಯ, ಆ ತುದಿಯಲ್ಲಿ ಮಗು. ಏನಾದರೂ ಮಾತಾಡಿಸೋಣ ಎಂದು ಮರುಳಸಿದ್ಧ ಒಂದು ಹೆಜ್ಜೆ ಮುಂದಿಟ್ಟ.

ಹುರಿ ನಡುವೆ ಜೋತುಬಿತ್ತು. ಚಿಕ್ಕತಾಯಿ ಒಂದು ಹೆಜ್ಜೆ ಹಿಂದೆ ಸರಿದಳು. ಹುರಿ ಮತ್ತೆ ಬಿಗಿಯಾಯಿತು.

ಅವನು ಇನ್ನೊಂದು ಹೆಜ್ಜೆ ಇಟ್ಟ. ಅವಳು ಇನ್ನೊಂದು ಹೆಜ್ಜೆ ಸರಿದಳು.

ಮರುಳಸಿದ್ಧ ನಿಂತುಬಿಟ್ಟ. ಪಾಠದ ಕೋಣೆಯಲ್ಲಿ ತಿಂಗಳಿಡೀ ನಡೆದದ್ದು ಇದೇ. ಅಲ್ಲಿ ಕೈಯಲ್ಲಿ ಹುರಿ ಇರಲಿಲ್ಲ, ಅಷ್ಟೇ.

"ಮುಂದ್ಕೆ ಬರ್ಬ್ಯಾಡಿ ಸ್ವಾಮಿ," ಚಿಕ್ಕತಾಯಿ ಕೂಗಿದಳು. "ಸಡ್ಲ ಬುಟ್ರೆ ಗಂಟ್ ಬೀಳ್ತದೆ. ನಿಮ್ಗೆ ಯಾರೂ ಹೇಳ್ಕೊಡ್ಲಿಲ್ವಾ?"

ಅವಳು ಅವನೊಡನೆ ಆಡಿದ ಮೊದಲ ಮಾತು ಅದು.

ಹೊರಡುವಾಗ ನಿಂಗಾಜಮ್ಮ ತೆಪ್ಪದವರೆಗೂ ಬಂದಳು. ದಾರಿಯುದ್ದ ಬೇರೆ ಏನೇನೋ ಹೇಳಿ, ನೀರಿನ ಹತ್ತಿರ ಬಂದ ಮೇಲೆ ಕೇಳಿದಳು. "ಮಗಿ ಅಲ್ಲೇ ಓದ್ತಳಾ ಸ್ವಾಮಿ, ವಾಪಸ್ ಕಳ್ಸ್ಬುಡ್ತೀರಾ? ಕಳ್ಸುದ್ರೆ ಮನೇರು ನಾಳಿಂದ್ಲೇ ರಾಟೆಗೆ ಕೂರ್ಸ್ತರೆ. ಒಂದ್ಸತಿ ಕೂತ್ರೆ ಆಮೇಲೆ ಏಳಕ್ಕಾಗಕಿಲ್ಲ. ನನ್ನೂ ಹಿಂಗೇ ಕೂರ್ಸುದ್ರು."

"ಗುರುಗಳು ಹೇಳಬೇಕು, ತಾಯಿ."

"ಬರ್ಕೊಡೋರು ನೀವಂತಲ್ಲ."

ಅವನು ತೆಪ್ಪ ಹತ್ತಿದ.

ಮುಂದಿನ ಎಂಟು ದಿನ ಅವನು ಬೆಳಿಗ್ಗೆ ಕೇರಿಯಲ್ಲಿ, ಮಧ್ಯಾಹ್ನ ಪಾಠದ ಕೋಣೆಯಲ್ಲಿ ಕಳೆದ. ಚಿಕ್ಕತಾಯಿಯ ಹತ್ತಿರ ಹೋಗುವುದನ್ನು ಬಿಟ್ಟ. ತನ್ನ ಜಾಗದಲ್ಲೇ ಕೂತು ನೋಡಿದ, ಬರೆದ, ಬರೆದದ್ದನ್ನು ತಿದ್ದಿದ. ಒಂಬತ್ತನೆಯ ದಿನ, ಪಾಠಕ್ಕೆ ಸ್ವಲ್ಪ ಮುಂಚೆ, ಮತ್ತೆ ಜಗಲಿಗೆ ಬಂದ.

"ನಾನು ತಪ್ಪು ತಿಳಿದಿದ್ದೆ, ಗುರುಗಳೇ. ಬುದ್ಧಿಗೆ ಏನೂ ಕೊರತೆಯಿಲ್ಲ, ಹಟವೂ ಇಲ್ಲ. ಈಗ ಅವಳು ಪೂರ್ತಿ ಅರ್ಥವಾಗಿದ್ದಾಳೆ."

"ಪೂರ್ತಿ?"

"ಮೂವತ್ತೆರಡು ಪುಟ ಬರೆದಿದ್ದೇನೆ."

"ಹಾಗಾದರೆ ಪೂರ್ತಿಯೇ ಇರಬೇಕು. ಓದು."

ಅವನು ಓದತೊಡಗಿದ. ಒಳ್ಳೆಯ ಬರಹ, ಅದರಲ್ಲಿ ಸುಳ್ಳಿಲ್ಲ. ಕೋಳಿಗೆ ಬೈಯುವಾಗ ಅವಳು ಅಜ್ಜಿಯ ದನಿ ತೆಗೆಯುತ್ತಾಳೆ. ತಮ್ಮನಿಗೆ ಉಣಿಸುವಾಗ ತುತ್ತನ್ನು ಮೊದಲು ತನ್ನ ಕೆನ್ನೆಗೆ ಮುಟ್ಟಿಸಿ ಬಿಸಿ ನೋಡುತ್ತಾಳೆ. ಪಾಠದಲ್ಲಿ ಪಕ್ಕದ ಮಗು ಅತ್ತರೆ ಮಾತಾಡಿಸುವುದಿಲ್ಲ, ಅದರ ಚಾಪೆಯ ಅಂಚನ್ನು ಕಾಲಿನಿಂದ ಮೆಲ್ಲಗೆ ತಟ್ಟುತ್ತಾಳೆ. ಅದು ಅಳು ನಿಲ್ಲಿಸುತ್ತದೆ.

ಗುರುಗಳು ಕೇಳುತ್ತಿದ್ದರು. ಆದರೆ ಅವರ ಕಣ್ಣು ಅವನ ಮೇಲಿರಲಿಲ್ಲ, ಅವನ ಹೆಗಲಾಚೆ ಎಲ್ಲೋ ಇತ್ತು. ಮರುಳಸಿದ್ಧನಿಗೆ ಬೇಸರವಾಯಿತು. ಇಷ್ಟು ಕಷ್ಟಪಟ್ಟು ಬರೆದದ್ದು. ಅವನು ದನಿ ಸ್ವಲ್ಪ ಏರಿಸಿ ಮುಂದುವರಿಸಿದ.

ಕೊನೆಯ ಪುಟಕ್ಕೆ ಬಂದ.

"ಆದ್ದರಿಂದ ಮಗುವನ್ನು ಉಳಿಸಿಕೊಳ್ಳಬೇಕು. ಆದರೆ ಅವಳು ಹಗ್ಗದವರ ಮಗಳು. ಅವಳಿಗೆ ಪಾಠ ದೂರದಿಂದಲೇ ಆಗಬೇಕು. ಹಿಂದಿನ ಗೋಡೆಯ ಬಳಿ, ನನ್ನಿಂದ ಹುರಿಯ ಉದ್ದದಷ್ಟು, ಹನ್ನೆರಡು ಹೆಜ್ಜೆ ಆಚೆ, ಅವಳೊಬ್ಬಳಿಗೇ ಬೇರೆ ಚಾಪೆ ಹಾಕುವುದು. ಅಲ್ಲಿಂದ ಈಚೆ ಅವಳು ಬರುವವಳಲ್ಲ."

ಹಾಳೆಯ ಮೇಲೆ ಒಂದು ಪುಟ್ಟ ಬೆರಳು ಬಂದು ಕೂತಿತು. ಉಗುರಿನ ಸಂದಿಯಲ್ಲಿ ನಾರಿನ ಎಳೆ ಸಿಕ್ಕಿಕೊಂಡಿತ್ತು.

"ಇದ್ರಲ್ಲಿ ನಾನು ಎಲ್ಲಿವ್ನಿ?"

ಮರುಳಸಿದ್ಧ ತಿರುಗಿದ. ಚಿಕ್ಕತಾಯಿ ಅವನ ಬೆನ್ನಿಗೆ ಅಂಟಿಕೊಂಡಂತೆ ಮಂಡಿಯೂರಿದ್ದಳು. ಅವಳ ಗಲ್ಲ ಅವನ ಹೆಗಲಿಗೆ ತಾಗುವಷ್ಟು ಹತ್ತಿರದಲ್ಲಿತ್ತು. ನೋಡುತ್ತಿದ್ದದ್ದು ಅವನ ಮುಖವನ್ನಲ್ಲ, ಅಕ್ಷರಗಳನ್ನು.

ಅವಳಿಗೆ ಇನ್ನೂ ಓದಲು ಬಾರದು. ಆದರೂ ಅವನು ಬೆರಳಿನ ಕೆಳಗಿದ್ದ ಸಾಲನ್ನು ಅಂಗೈಯಿಂದ ಮುಚ್ಚಿದ.

"ಇವಳು ಯಾವಾಗ ಬಂದಳು, ಗುರುಗಳೇ?"

"ನೀನು ಹತ್ತನೆಯ ಪುಟದಲ್ಲಿದ್ದಾಗ ಹೊಸಿಲ ಮೇಲಿದ್ದಳು. ಇಪ್ಪತ್ತರ ಹೊತ್ತಿಗೆ ಕಂಬದ ಹತ್ತಿರ."

"ನಾನು ನೋಡಲೇ ಇಲ್ಲ."

"ನೀನು ಓದುತ್ತಿದ್ದೆ."

ಮರುಳಸಿದ್ಧ ಗಡಿಬಿಡಿಯಿಂದ ಪೆನ್ಸಿಲು ಹುಡುಕಿದ. "ಇದನ್ನೂ ಬರೆದುಕೊಂಡುಬಿಡುತ್ತೇನೆ."

"ಬರೆಯುವುದು ಇರಲಿ," ಎಂದರು ಗುರುಗಳು. "ಮೊದಲು ಅವಳಿಗೆ ಕೂರಲು ಜಾಗ ಬಿಡು."