ನೂರು ಹೆಜ್ಜೆ

"ಗುರುಗಳೇ, ನನಗೆ ವಹಿಸಿದ್ದು ಅಂಗಳ ಗುಡಿಸುವ ಕೆಲಸ. ಅಡುಗೆಮನೆಗೆ ನೀರು ಹೊರುವುದು ನನ್ನದಲ್ಲ. ಆದರೂ ದಿನವೂ ಹೊರುತ್ತಿದ್ದೇನೆ. ಅದನ್ನೂ ನನ್ನ ಕೆಲಸವೆಂದೇ ಬರೆಸಿಬಿಟ್ಟರೆ ಒಳ್ಳೆಯದಲ್ಲವೇ?" ಎಂದು ಮಲ್ಲಿದೇವ ಕೇಳಿದ.

ಗುರುಗಳು ನಕ್ಕರು. "ಭಲೇ! ಬರೆಸಿಕೊಳ್ಳುವ ಆಸೆ ನಿನಗೂ ಬಂತೇ? ಕೂತುಕೋ" ಎಂದು ಕತೆ ಹೇಳತೊಡಗಿದರು.

ಒಂದು ವಿದ್ಯಾಪೀಠದಲ್ಲಿ ಒಬ್ಬರು ಮುದಿ ಆಚಾರ್ಯರಿದ್ದರು. ಕಣ್ಣು ಮೊದಲು ಮಂಜಾಯಿತು, ಆಮೇಲೆ ಪೂರ್ತಿ ಹೋಯಿತು. ಶಾಸ್ತ್ರವೆಲ್ಲ ಬಾಯಲ್ಲೇ ಇತ್ತು. ಪಾಠ ಹೇಳುವುದೊಂದೇ ಅವರಿಗೆ ಉಳಿದಿದ್ದ ಸುಖ. ಆದರೆ ಅಲ್ಲಿಯ ಕಟ್ಟಳೆ ಬಹಳ ಬಿಗಿ. ಹೊತ್ತು ಅಳೆಯಲು ನೀರಿನಲ್ಲಿ ತೇಲಿಬಿಟ್ಟ, ತಳದಲ್ಲಿ ತೂತಿರುವ ಗಳಿಗೆಬಟ್ಟಲು ತುಂಬಿ ಮುಳುಗಿದೊಡನೆ ಗಂಟೆ ಬಾರಿಸುವರು. ಆಗ ಯಾರ ಆಸನ ಬರಿದಾಗಿದೆಯೋ ಅವರ ಪಾಠ ಅಂದಿನಿಂದ ಬೇರೆಯವರಿಗೆ ಹೋಗುವುದು.

ಆಚಾರ್ಯರ ಮನೆಯಿಂದ ಪಾಠಶಾಲೆಗೆ ನೂರು ಹೆಜ್ಜೆ. ಬೆಳಗಾದರೆ ಯಾರಾದರೊಬ್ಬರು ಬಂದು ಕೈ ಹಿಡಿಯುವರು. ಒಂದು ದಿನ ಓಲೆಗರಿಗಳಿಗೆ ಎಣ್ಣೆ ಸವರುವವನು, ಇನ್ನೊಂದು ದಿನ ಪೂಜೆಗೆ ಹೂ ಕಟ್ಟುವವಳು, ಮತ್ತೊಂದು ದಿನ ಬಾಗಿಲು ಕಾಯುವವನು. ಹೀಗೆ ಮಾಡಿರೆಂದು ಯಾರೂ ಅವರಿಗೆ ಹೇಳಿದ್ದಲ್ಲ. ಕೈಯ ವಾಸನೆಯಿಂದಲೇ ಆಚಾರ್ಯರು ಗುರುತು ಹಿಡಿದು, "ಓಹೋ, ಇವತ್ತು ಮಲ್ಲಿಗೆಯ ಸವಾರಿ!" ಎಂದು ತಮಾಷೆ ಮಾಡುವರು. ಮಾತಾಡುತ್ತ ಆಡುತ್ತ, ನಿದ್ದೆಗಣ್ಣಿನಲ್ಲಿ ನಡೆದಂತೆ ದಾರಿ ಸಾಗುತ್ತಿತ್ತು. ಕಾಲಿಗೆ ನೆಲ ತಾಗಿದ್ದೇ ಅವರಿಗೆ ತಿಳಿಯುತ್ತಿರಲಿಲ್ಲ.

ಇದನ್ನು ಕಂಡು ಪೀಠದ ಅಧಿಪತಿಗೆ ಹಿಗ್ಗೋ ಹಿಗ್ಗು. ಇಂಥ ಒಳ್ಳೆಯ ಕೆಲಸ ತಪ್ಪದೆ ನಡೆಯಲಿ ಎಂದು, ಆಚಾರ್ಯರನ್ನು ಕರೆದೊಯ್ಯುವುದು ಬಾಗಿಲು ಕಾಯುವವನ ಕೆಲಸ ಎಂದು ಓಲೆಯಲ್ಲಿ ಬರೆಸಿದ. ಪಾಪ, ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮರುದಿನದಿಂದ ಬಾಗಿಲು ಕಾಯುವವನೇ ಬಂದ. ಹೊತ್ತಿಗೆ ಸರಿಯಾಗಿ ಬಂದ, ಮಾತಿಲ್ಲದೆ ಕರೆದೊಯ್ದ. ಉಳಿದವರು ಬರುವುದು ನಿಂತಿತು. ಆಚಾರ್ಯರಿಗೆ ಆ ನೂರು ಹೆಜ್ಜೆ ಮೊದಲ ಸಲ ಉದ್ದವೆನಿಸಿತು.

ಒಂದು ಬೆಳಗ್ಗೆ ಬಾಗಿಲು ಕಾಯುವವನು ಜ್ವರ ಬಂದು ಮಲಗಿದ. ಆಚಾರ್ಯರು ಹೊಸ್ತಿಲಲ್ಲಿ ಕೈ ಚಾಚಿ ನಿಂತರು. ಹೂವಿನ ಘಮ ಹತ್ತಿರ ಬಂತು.

"ಯಾರಮ್ಮಾ ಅದು?"

"ನಾನೇ ಸ್ವಾಮಿ. ಅಲ್ಲೇ ಇರಿ, ನಿಮ್ಮವನು ಈಗ ಬಂದಾನು" ಎಂದು ಹೂ ಕಟ್ಟುವವಳು ಮುಂದೆ ನಡೆದಳು.

ಎಣ್ಣೆಯ ವಾಸನೆಯೂ ಹಾಗೆಯೇ ಹಾದುಹೋಯಿತು. ಪಾಠ ಹೋದರೆ ತಮಗೆ ಇನ್ನೇನಿದೆ ಎಂದು ಆಚಾರ್ಯರಿಗೆ ಅಳು ಬಂತು. ಎಲ್ಲೋ ದೂರದಲ್ಲಿ ಬಟ್ಟಲಿಗೆ ನೀರೇರುವ ಸದ್ದು ಕೇಳಿಸಿದಂತಾಯಿತು.

ಗುರುಗಳು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು.

ಮಲ್ಲಿದೇವನಿಗೆ ತಡೆಯಲಾಗಲಿಲ್ಲ. "ಹಾಗಾದರೆ ಆ ದಿನ ಕರೆದೊಯ್ಯುವುದು ಯಾರ ಕೆಲಸವಾಗಿತ್ತು, ಗುರುಗಳೇ?" ಎಂದು ಕೇಳಿದ.

"ನೀನು ಅದನ್ನು ಕೇಳುತ್ತಿರುವಷ್ಟು ಹೊತ್ತೂ ಅವರು ಹೊಸ್ತಿಲಲ್ಲೇ ನಿಂತಿದ್ದಾರಪ್ಪಾ" ಎಂದರು ಗುರುಗಳು.